ಅರಸನಿಗೆ ಕುಡಿಸಿದ ಕಷಾಯ

ಥೀಬ್ಸ್
ಹೊಸ ಅರಸರ ಮೊದಲ ವರ್ಷ, ನೆರೆಗಾಲದ ಎರಡನೆಯ ತಿಂಗಳು, ಒಂಬತ್ತನೆಯ ದಿನ

ನನ್ನ ಮುದ್ದಿನ ಹುನೇರೋಗೆ,

ನಿನ್ನ ತಾಯಿ ವೆರೆಲ್ ಮಾಡುವ ಆಶೀರ್ವಾದ. ಮೆಂಫಿಸ್‌ನಲ್ಲಿ ನೀನೂ ನಿನ್ನ ಗಂಡ ಇಪ್ವಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಈ ಸೊಟ್ಟ ಅಕ್ಷರ ನನ್ನದೇ. ಅರಮನೆಯ ಅಂಗಳದಲ್ಲಿ ನೀನೂ ನೆಬ್‌ಸೆನಿಯೂ ಮಡಕೆ ಚೂರುಗಳ ಮೇಲೆ ತಿದ್ದುತ್ತಿದ್ದಾಗ ಪಕ್ಕದಲ್ಲಿ ಕೂತು ಕಲಿತದ್ದು. ಇದನ್ನು ಬೇರೆಯವರ ಕೈಯಲ್ಲಿ ಬರೆಸುವಂತಿರಲಿಲ್ಲ. ನೀನೂ ಯಾರಿಂದಲೂ ಓದಿಸಬೇಡ.

ನಿನ್ನೆ ನಮ್ಮ ಅರಸ ನೆಬ್‌ಸೆನಿಯನ್ನು ಮಣ್ಣು ಮಾಡಿದೆವು. ನದಿಯಾಚೆಯ ಬೆಟ್ಟದಲ್ಲಿ ಅವನಿಗೆಂದು ಕೊರೆಯುತ್ತಿದ್ದ ಗೋರಿ ಅರ್ಧವೂ ಆಗಿರಲಿಲ್ಲ. ಯಾರೋ ಅಧಿಕಾರಿಗೆಂದು ತೋಡಿದ್ದ ಇಕ್ಕಟ್ಟಾದ ಜಾಗದಲ್ಲಿ ಇಳಿಸಿದರು. ಗೋಡೆಯ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಪೆಟ್ಟಿಗೆಯ ಮೇಲಿನ ಚಿನ್ನದ ಮುಖ ಚೆಂದವಾಗಿತ್ತು, ಆದರೆ ಅವನದಾಗಿರಲಿಲ್ಲ. ಅವನ ಮುಂದಿನ ಹಲ್ಲುಗಳು ಉಬ್ಬಾಗಿದ್ದು ಬಾಯಿ ಪೂರ್ತಿ ಮುಚ್ಚುತ್ತಲೇ ಇರಲಿಲ್ಲವಲ್ಲ. ಹತ್ತೊಂಬತ್ತು ವರ್ಷ, ಅಷ್ಟೇ.

ಅವನ ಹೆತ್ತಮ್ಮ ಹೆರಿಗೆಯಲ್ಲೇ ಹೋದಳು. ಒಂದು ಮಗ್ಗುಲಲ್ಲಿ ನಿನ್ನನ್ನು, ಇನ್ನೊಂದರಲ್ಲಿ ಅವನನ್ನು ಮಲಗಿಸಿಕೊಂಡು ಹಾಲು ಕೊಟ್ಟೆ. ಒಂಬತ್ತನೆಯ ವರ್ಷಕ್ಕೆ ಅವನ ತಲೆಗೆ ಕಿರೀಟ ಇಟ್ಟರು. ಅದು ಕಿವಿಯವರೆಗೂ ಇಳಿದಾಗ ನೀನು ನಕ್ಕು ನನ್ನಿಂದ ಪೆಟ್ಟು ತಿಂದೆ. ಅಂದಿನಿಂದ ಆಳಿದವನು ಮಂತ್ರಿ ಸೆನುಖ. ನಮ್ಮ ಹುಡುಗ ಮುದ್ರೆ ಒತ್ತುತ್ತಿದ್ದ.

ಬೇಟೆಗೆ ಹೋಗಿ ರಥದಿಂದ ಬಿದ್ದು ಸತ್ತನೆಂದು ನಿಮ್ಮ ಕಡೆಗೂ ಸುದ್ದಿ ಬಂದಿರಬೇಕು. ಬಿದ್ದದ್ದು ನಿಜ. ಎಡ ಮೊಣಕಾಲು ಮುರಿದು ಎಂಟು ದಿನ ಜ್ವರ ಕಾಯಿತು. ಗಾಯಕ್ಕೆ ಜೇನು ಹಚ್ಚಿ ಬಟ್ಟೆ ಕಟ್ಟುತ್ತಿದ್ದವಳು ನಾನೇ. ಒಂಬತ್ತನೆಯ ಬೆಳಿಗ್ಗೆ ಮೈ ತಣ್ಣಗಾಗಿತ್ತು. ರೊಟ್ಟಿ, ಈರುಳ್ಳಿ ಕೇಳಿ ಹಾಕಿಸಿಕೊಂಡ. ತಿನ್ನುತ್ತಾ ಹೇಳಿದ:

"ಅವ್ವಾ, ನೆರೆ ಬಂದು ಇಳೀಲಿ. ಆಮೇಲೆ ಆಸ್ಥಾನದಲ್ಲಿ ನಾನೇ ಮಾತಾಡ್ತೀನಿ. ಆ ಮುದುಕ ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರ್ಲಿ."

ಮೆಲ್ಲಗೆ ಮಾತಾಡಪ್ಪ ಎಂದೆ. ಬಾಗಿಲಲ್ಲಿ ಸೆನುಖನ ಕಾವಲಿನವರಿದ್ದರು.

ಮಧ್ಯಾಹ್ನ ಅರಮನೆಯ ವೈದ್ಯ ಹೊಸ ಕಷಾಯ ತಂದ. ನೆಬ್‌ಸೆನಿ ಮುಖ ತಿರುಗಿಸಿದ. ಅವ್ವ ಕೊಟ್ಟರೆ ಮಾತ್ರ ಕುಡಿಯುತ್ತೇನೆಂದ. ವೈದ್ಯ ಬಟ್ಟಲನ್ನು ನನ್ನ ಕೈಗಿಟ್ಟು ಹೊರಗೆ ಹೋದ.

"ನೀನು ಕುಡಿದು ನೋಡಿದ್ಯಾ?" ಎಂದು ನೆಬ್‌ಸೆನಿ ಕೇಳಿದ.

"ನೋಡ್ದೆ ಕೊಡ್ತೀನಾ? ಕುಡಿ ಮಗಾ" ಎಂದೆ.

ಒಂದೇ ಗುಟುಕಿಗೆ ಕುಡಿದು, ಕಹಿಯೆಂದು ಚಿಕ್ಕಂದಿನ ಹಾಗೇ ನಾಲಿಗೆ ಚಾಚಿದ. ಸ್ವಲ್ಪ ಹೊತ್ತಿಗೆ ನಿದ್ದೆ ಬರುತ್ತಿದೆ ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟ. ಹೊತ್ತು ಮುಳುಗುವ ಮೊದಲೇ ಉಸಿರು ನಿಂತಿತು. ಸೆನುಖ ಬಂದು ಎಲ್ಲರಿಗಿಂತ ಗಟ್ಟಿಯಾಗಿ ಅತ್ತ. ಬಟ್ಟಲನ್ನು ಯಾರು ಎತ್ತಿಕೊಂಡು ಹೋದರೋ ನೋಡಲಿಲ್ಲ. ವೈದ್ಯ ಆಮೇಲೆ ಈ ಊರಲ್ಲಿ ಕಂಡಿಲ್ಲ. ಕಿರೀಟ ಈಗ ಸೆನುಖನ ತಲೆಯ ಮೇಲಿದೆ.

ವಿಷವೋ, ಕಾಲಿನ ನಂಜೇ ಮೇಲೇರಿತೋ, ನನಗೆ ಗೊತ್ತಿಲ್ಲ. ಕೇಳಬೇಕೆಂದರೆ ಯಾರನ್ನು ಕೇಳಲಿ? ಅವನು ನಿನ್ನ ತಮ್ಮ. ಮನೆಯಲ್ಲಿ ಅವನ ಹೆಸರಿಗೆ ಒಂದಿಷ್ಟು ನೀರು ಬಿಡು.

ನಿನ್ನ ಅವ್ವ,
ವೆರೆಲ್

ತಾ.ಕ.: ಇಪ್ವಿಯನ್ನು ಗಣಿಯ ಜೀತದಿಂದ ಬಿಟ್ಟರೆಂದು ದೇವರಿಗೆ ಹರಕೆ ಒಪ್ಪಿಸಿದೆಯಂತೆ. ಬಿಡಿಸಿದ್ದು ದೇವರಲ್ಲ. ಸೆನುಖನ ಕಾಲಿಗೆ ಬಿದ್ದು ನಾನು ಬೇಡಿಕೊಂಡಿದ್ದೆ. ನೆಬ್‌ಸೆನಿಯ ಜ್ವರ ಬಿಟ್ಟ ಆ ಒಂಬತ್ತನೆಯ ದಿನ, ವೈದ್ಯ ಬರುವ ಮೊದಲು, ಸೆನುಖ ನನ್ನನ್ನು ಕರೆಸಿ ಇಪ್ವಿಯನ್ನು ಬಿಡಲು ಒಪ್ಪಿಕೊಂಡ. "ವೈದ್ಯರು ಕೊಟ್ಟಿದ್ದನ್ನ ಹುಡುಗ ಕುಡಿಯೋ ಹಾಗೆ ನೋಡ್ಕೋ" ಎಂದಷ್ಟೇ ಹೇಳಿದ. ಇಪ್ವಿಗೆ ಇದು ಗೊತ್ತಾಗುವುದು ಬೇಡ. ಬಟ್ಟಲನ್ನು ತುಟಿಯವರೆಗೆ ತಂದೆ ಹುನೇರೋ. ನಾಲಿಗೆಗೆ ತಾಗಿಸಲು ಧೈರ್ಯ ಬರಲಿಲ್ಲ. ಅವನಿಗೆ ಕೊಟ್ಟೆ.