ಬೆನ್ನ ಹಿಂದಿನ ಬೆಲ್ಲು

ಅಪ್ಪಾ,

ನೀನು ಸತ್ತ ಮೇಲೆ ನಿನ್ನ ಸೈಕಲ್ಲಿನ ಬೆಲ್ಲಿಗೆ ತುಕ್ಕು ಹಿಡಿದಿತ್ತು. ತಮ್ಮ ಎಣ್ಣೆ ಬಿಟ್ಟು ಸರಿಮಾಡಿದ. ಮ್ಯಾರಥಾನಿಗೆ ಮುಂಚಿನ ಕೊನೆಯ ದೂರದ ಓಟ ಇವತ್ತಿತ್ತು. ನೀರು ಹಿಡಿದು ಅದೇ ಸೈಕಲ್ಲಿನಲ್ಲಿ ಹಿಂದೆ ಬರಲು ಅವನನ್ನೇ ಕರೆದೆ. ನೀನು ಬೆಲ್ ಹೊಡೆಯುತ್ತ ಹಿಂದೆ ಬಂದು ನನ್ನನ್ನು ಓಡಿಸುವಾಗ, "ಇವ್ನು ಸೂಜಿ ಹಿಡಿಯೋಕಷ್ಟೇ ಲಾಯಕ್ಕು" ಎಂದು ಮೈದಾನದ ಕಟ್ಟೆಯ ಮೇಲೆ ಕೂರಿಸುತ್ತಿದ್ದೆಯಲ್ಲ, ಅವನೇ. ನಿನ್ನ ಮಾತು ಸುಳ್ಳಾಗಲಿಲ್ಲ, ಈಗ ದರ್ಜಿ. ಇರುವೆ ಕಂಡರೂ ದಾರಿ ಬಿಡುವವನು.

ಮೂವತ್ತನೇ ಕಿಲೋಮೀಟರು ದಾಟಿ, ಗೋದಾಮುಗಳ ಏರಿನಲ್ಲಿ ನನ್ನ ತೊಡೆಗಳು ಕಲ್ಲಾದವು. ನಿಂತುಬಿಟ್ಟೆ.

"ಸಾಕಕ್ಕಾ, ಹಿಂದೆ ಹತ್ಕೋ. ಮನೆಗೆ ಹೋಗೋಣ."

ಆ ಕರುಣೆಗೆ ಮೈಯೆಲ್ಲ ಉರಿಯಿತು. "ಅಪ್ಪನ ಥರ ಬೆಲ್ ಹೊಡಿಯೋ. ಗಂಡಸಲ್ವಾ ನೀನು?" ಎಂದೆ.

ಮೊದಲು ಅಂಜುತ್ತಲೇ ಹೊಡೆದ. ನನ್ನ ಕಾಲುಗಳು ಇನ್ನೂ ನಿನ್ನ ಮಾತನ್ನೇ ಕೇಳುತ್ತವೆ, ತಾವಾಗಿಯೇ ಎದ್ದವು. ಆಮೇಲೆ ಅವನು ನಿಲ್ಲಿಸಲೇ ಇಲ್ಲ. ಮುಂದಿನ ಚಕ್ರವನ್ನು ನನ್ನ ಹಿಮ್ಮಡಿಗೆ ತಾಗಿಸಿದ. "ಕತ್ತೆ, ಕಾಲೆತ್ತೇ!" ಎಂದ, ನಿನ್ನದೇ ಗಂಟಲಲ್ಲಿ. ನೀರು ಕೇಳಿದರೆ ಬಾಟಲಿ ತೋರಿಸಿ, ಮುಚ್ಚಳ ತೆಗೆದು, ರಸ್ತೆಗೆ ಸುರಿದ. ಇದನ್ನೆಲ್ಲ ಅವನಿಗೆ ಯಾರೂ ಕಲಿಸಿರಲಿಲ್ಲ. ಕಟ್ಟೆಯ ಮೇಲೆ ಕೂತು ನೋಡಿದ್ದ, ಅಷ್ಟೆ.

ಓಟ ಮುಗಿಸಿದೆ. ಮನೆಯ ಗೇಟಿಗೆ ಒರಗಿ ವಾಂತಿ ಮಾಡುತ್ತಿದ್ದಾಗ ಅವನು ನನ್ನ ಬೆನ್ನು ಸವರಲಿಲ್ಲ. ಪಕ್ಕದಲ್ಲೇ ನಿಂತು ಆ ಬೆಲ್ಲನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಇದುವರೆಗೂ ನೋಡಿಲ್ಲ.

"ಅಕ್ಕಾ," ಎಂದ, "ನಾಳೇನೂ ಬರ್ಲಾ?"