ನೀರಿನ ಡಬ್ಬ ಹಿಡಿದು ಬಂದವರು

ಭಾನುವಾರ, ಮಧ್ಯಾಹ್ನ ಎರಡೂವರೆ

ನನ್ನ ಟೀಚರಮ್ಮನಿಗೆ,

ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಶಾಲೆಯಲ್ಲಿ ಒಂದು ಅನ್ಯಾಯ ನಡೆಯಿತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತನಗೆ ಒಳ್ಳೆಯದು ಮಾಡಿದವನಿಗೆ ಹಲಗೆಯ ಮೇಲೆ ಧನ್ಯವಾದ ಬರೆದಳು. ಆ ಧನ್ಯವಾದವನ್ನೇ ಸಾಕ್ಷಿಯಾಗಿ ಹಿಡಿದು ಅವನನ್ನು ಕೆಲಸದಿಂದ ತೆಗೆದರು. ಅರವತ್ಮೂರು ವರ್ಷದಲ್ಲಿ ಬಹಳ ಅನ್ಯಾಯ ನೋಡಿದ್ದೇನೆ, ಅದರಲ್ಲಿ ಅರ್ಧದಷ್ಟಕ್ಕೆ ಪತ್ರಿಕೆಗಳಿಗೆ ಪತ್ರವನ್ನೂ ಬರೆದಿದ್ದೇನೆ. ಉಪಕಾರದ ನೆನಪನ್ನು ಚಾಡಿಯ ಹಾಗೆ ಬಳಸಿಕೊಂಡದ್ದನ್ನು ಮಾತ್ರ ಇದೇ ಮೊದಲು ಕೇಳುತ್ತಿರುವುದು.

ಬೆಳಿಗ್ಗೆ ನೀನು ಫೋನಿನಲ್ಲಿ ಹೇಳಿದಾಗ ನಾನು ಹೂಂ ಹೂಂ ಅಂದು ಇಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು. ಫೋನಿನಲ್ಲಿ ನೀನು ಅಳುತ್ತೀಯ, ನಾನು ಕೂಗುತ್ತೇನೆ, ವಿಷಯ ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ. ನಿನ್ನ ದೊಡ್ಡಮ್ಮ ಬಾಗಿಲಲ್ಲಿ ಇಣುಕಿ, "ಶುರುವಾಯ್ತಾ ಅರ್ಜಿಯಮ್ಮನ ಕಚೇರಿ? ಇವತ್ತು ಯಾರ ಗ್ರಹಚಾರ ಬಿಡಿಸ್ತಿದೀಯ?" ಎಂದಳು. "ಇನ್ನೂ ಗೊತ್ತಿಲ್ಲ ಅಕ್ಕ, ಬರೀತಾ ಬರೀತಾ ಗೊತ್ತಾಗುತ್ತೆ" ಎಂದೆ. ಅವಳಿಗೆ ಅದು ತಮಾಷೆಯಾಗಿ ಕೇಳಿಸಿತು.

ನೀನು ಕೆಲಸ ಬಿಡುತ್ತೇನೆ ಎಂದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ಹೋದ ವರ್ಷ ಕೆಲಸಕ್ಕೆ ಸೇರಿದ ಮೂರನೇ ವಾರ, ನೀನೇ ಓದಿದ ಶಾಲೆ, ನೀನೇ ಕೂತ ಕೋಣೆ, ಆದರೂ ಅತ್ತುಕೊಂಡು ಹೇಳಿದ್ದೆ: "ಅಮ್ಮ, ನಲವತ್ತೆರಡು ಮಕ್ಕಳು. ಒಬ್ಬನ ಮೂಗು ಒರೆಸೋಷ್ಟರಲ್ಲಿ ಇನ್ನೊಬ್ಬ ಕಿಟಕಿ ಹತ್ತಿರ್ತಾನೆ. ನನ್ನ ಗಂಟಲು ಎರಡನೇ ಪೀರಿಯಡ್‌ಗೇ ಹೋಗುತ್ತೆ." ನಾನು ನನಗೆ ಬರುವ ಬುದ್ಧಿಯನ್ನೇ ಹೇಳಿದೆ: ಎಲ್ಲೆಲ್ಲಿ ತಪ್ಪುತ್ತಿದೆಯೋ ಪಟ್ಟಿ ಮಾಡು. ಇಪ್ಪತ್ತೆಂಟು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವಳು ಇನ್ನೇನು ಹೇಳಿಯಾಳು? ನೀನು ಅಳು ನಿಲ್ಲಿಸಿ, "ನೀನು ಜೀವಮಾನವೆಲ್ಲ ತಪ್ಪು ಹುಡುಕಿದೆ. ನಾನು ಸರಿ ಇರೋದನ್ನ ಹುಡುಕಿ ನೋಡ್ತೀನಿ, ತಡಿ" ಎಂದೆ. ಆಗ ನನಗೆ ನೋವಾಗಿತ್ತು ಎಂದು ಈಗ ಹೇಳುತ್ತೇನೆ.

ಮರುದಿನ ನೀನು ತರಗತಿಯ ಬಾಗಿಲ ಪಕ್ಕ ಒಂದು ಹಳೆಯ ಹಲಗೆ ತೂಗುಹಾಕಿದೆ. ದಿನಕ್ಕೊಂದು ಮಗು, ದಿನಕ್ಕೊಂದು ಧನ್ಯವಾದ. ಕ್ಯಾಲೆಂಡರಿನ ಹಾಳೆಯಲ್ಲಿ ಬರುವ ಉಪದೇಶದಂತಿದೆ ಎಂದು ನಾನು ನಕ್ಕಿದ್ದೆ. ಆಮೇಲೆ ವಾರವಾರವೂ ನೀನು ಆ ಸಾಲುಗಳನ್ನು ಬರೆದು ಕಳಿಸತೊಡಗಿದೆ. "ಸೀಮೆಸುಣ್ಣ ಮುರಿದರೆ ಎರಡೂ ತುಂಡು ಬರೆಯುತ್ತವೆ, ಅದಕ್ಕೆ." "ಪಕ್ಕದವನಿಗೆ ಜ್ವರ, ಬೆಂಚು ಪೂರ್ತಿ ನನ್ನದು, ಜ್ವರಕ್ಕೆ ಧನ್ಯವಾದ." ಇದನ್ನು ಓದಿ ನಿನ್ನ ದೊಡ್ಡಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಮಕ್ಕಳ ಸಾಲು ಮುಗಿದ ಮೇಲೆ ಮೆಲ್ಲಗೆ ನಿನ್ನವೂ ಸೇರಿಕೊಂಡವು. ನೀನು ರಸ್ತೆ ದಾಟುವವರೆಗೆ ಬಸ್ಸು ನಿಲ್ಲಿಸಿಕೊಂಡು, "ಬನ್ನಿ ಟೀಚರ್, ಪಾಠಕ್ಕಿಂತ ಬಸ್ಸು ಮುಖ್ಯ" ಎನ್ನುವ ಕಂಡಕ್ಟರು. ನೀನು ಬಾಡಿಗೆಗಿರುವ ಮಹಡಿ ಕೋಣೆಯ ಕಿಟಕಿಗೆ ಮಧ್ಯಾಹ್ನ ನಾಲ್ಕಕ್ಕೆ ಬರುವ ಬಿಸಿಲು, ಅದರಲ್ಲಿ ಒಣಗುವ ನಿನ್ನ ಎರಡು ಸೀರೆ. ಒಂದು ದಿನ ಬರೀ ಇಷ್ಟು: "ಇವತ್ತು ಗಂಟಲು ಕೊನೇ ಪೀರಿಯಡ್‌ವರೆಗೂ ಬಂತು." ಆ ಕಾಗದವನ್ನು ನಾನು ಎತ್ತಿಟ್ಟಿದ್ದೇನೆ. ಒಂದೇ ಒಂದು ತಿದ್ದುಪಡಿ ಮಾಡದೆ ಓದಿ ಮುಗಿಸಿದ ಕಾಗದ ನನ್ನ ಬದುಕಿನಲ್ಲಿ ಅದೊಂದೇ.

ಈಗ ಮಂಗಳವಾರದ ವಿಷಯ. ಬೇರೆಯವರಿಗೂ ಓದಿಹೇಳಬೇಕಾಗಬಹುದು, ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ನಿಮ್ಮ ಗೇಟು ಎಂಟು ನಲವತ್ತಕ್ಕೆ ಮುಚ್ಚುತ್ತದೆ. ತಡವಾದ ಮಗು ಎರಡನೇ ಪೀರಿಯಡ್‌ವರೆಗೆ ಹೊರಗೆ, ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ಮಕ್ಕಳೆಲ್ಲ ಗಡಿಯಾರ ಎಂದು ಕರೆಯುವ ಆ ಹುಡುಗಿ ವಾರಕ್ಕೆ ಮೂರು ದಿನ ತಡ. ಅವಳ ತಾಯಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಪಾಳಿ ಮುಗಿಸಿ ತಾಯಿ ಮನೆಗೆ ಬರುವ ತನಕ ಹುಡುಗಿ ತಂಗಿಯನ್ನು ಬಿಟ್ಟು ಹೊರಡುವ ಹಾಗಿಲ್ಲ. ಗೇಟು ಕಾಯುವವನು, ಮಕ್ಕಳ ಬಾಯಲ್ಲಿ ಬೀಗದ ಮಾಮ, ಅವಳನ್ನೂ ಅವಳಂಥವರನ್ನೂ ಹಿಂದಿನ ಸಣ್ಣ ಬಾಗಿಲಿನಿಂದ ಒಳಗೆ ಬಿಡುತ್ತಿದ್ದ. ಬಿಡುವಾಗ ಕೈಗೊಂದು ನೀರಿನ ಡಬ್ಬ ಕೊಡುತ್ತಿದ್ದ. ಯಾರಾದರೂ ನೋಡಿದರೆ ಗಿಡಕ್ಕೆ ನೀರು ಹಾಕುವ ಸರದಿ ಎಂದುಕೊಳ್ಳಲಿ ಎಂದು. ಹಿತ್ತಲಿನ ಗಿಡಗಳು ಯಾಕೆ ಅಷ್ಟು ಸೊಂಪಾಗಿವೆ ಎಂದು ನಿಮ್ಮ ಹೆಡ್‌ಮೇಡಂ ಒಂದು ದಿನವೂ ಕೇಳಲಿಲ್ಲ.

ಮಂಗಳವಾರ ಹಲಗೆಯ ಸರದಿ ಗಡಿಯಾರದ್ದು. ಅವಳು ಬರೆದದ್ದು: "ನಾನು ತಡವಾದ ದಿನವೆಲ್ಲ ಹಿಂದಿನ ಬಾಗಿಲು ತೆಗೆದು ಡಬ್ಬ ಕೊಟ್ಟು ಒಳಗೆ ಬಿಟ್ಟ ಬೀಗದ ಮಾಮನಿಗೆ ಧನ್ಯವಾದ." ನೀನು ಓದಿದೆ. ಓದಿ, "ಚೆನ್ನಾಗಿದೆ, ಆದ್ರೆ ಇನ್ನೂ ದಪ್ಪಗೆ ಬರಿ ಪುಟ್ಟ, ಕಾರಿಡಾರಿಂದಲೂ ಕಾಣ್ಬೇಕು" ಎಂದೆ. ಅವಳು ಅಳಿಸಿ ದಪ್ಪಗೆ ಬರೆದಳು. ಹನ್ನೊಂದಕ್ಕೆ, ಶಾಲೆಯ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರ ಜೊತೆ ಹೆಡ್‌ಮೇಡಂ ಕಾರಿಡಾರಿನಲ್ಲಿ ಬಂದರು. ಕಾಣಬೇಕಾದ್ದು ಕಂಡಿತು.

ಇದನ್ನು ಹೇಳುವಾಗ ನಿನ್ನ ದನಿ ಸತ್ತೇಹೋಗಿತ್ತು. ಅಕ್ಷರ ನೋಡುವ ಭರದಲ್ಲಿ ಅರ್ಥ ಬಿಟ್ಟೆ ಎಂದೆ. ಮಗಳೇ, ಆ ರೋಗ ನಿನಗೆ ಬಂದದ್ದು ನನ್ನಿಂದ. ಅಚ್ಚುಮನೆಯಲ್ಲಿ ನಾನು ಒಮ್ಮೆ ನಮ್ಮದೇ ಸಹೋದ್ಯೋಗಿಯ ಸಾವಿನ ಸುದ್ದಿಯನ್ನು ತಿದ್ದಿ, ಅಂಕಣದ ಅಳತೆ ಸರಿಯಿದೆಯೇ ನೋಡಿ, ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದೆ. ಯಾರು ಸತ್ತರು ಎಂಬುದು ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು.

ಹೆಡ್‌ಮೇಡಂ ಕೆಟ್ಟವರೆಂದು ನಾನು ಬರೆಯುವುದಿಲ್ಲ. ಇನ್‌ಸ್ಪೆಕ್ಟರ ಎದುರು ಅವರಿಗೂ ಎದೆ ಹೊಡೆದುಕೊಂಡಿರುತ್ತದೆ. "ನಿಯಮ ಅಂದ್ರೆ ನಿಯಮ ಕಣಮ್ಮ. ನಾಳೆ ಯಾವುದೋ ಮಗೂಗೆ ಏನಾದ್ರೂ ಆದ್ರೆ ಉತ್ತರ ಕೊಡೋಕೆ ನೀನು ಬರ್ತೀಯಾ?" ಎಂದು ಅವರು ನಿನ್ನನ್ನು ಕೇಳಿದರಂತೆ. ಪ್ರಶ್ನೆ ಸರಿಯಾದದ್ದೇ, ಕೇಳಬೇಕಾದವರನ್ನು ಕೇಳಲಿಲ್ಲ ಅಷ್ಟೆ. ಬೀಗದ ಮಾಮ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೋಗುವಾಗ ನಿನ್ನ ತರಗತಿಯ ಮುಂದೆ ನಿಂತು, "ಬಿಡಿ ಟೀಚರಮ್ಮ, ಅಳಬೇಡಿ. ಇಪ್ಪತ್ತೈದು ವರ್ಷದಲ್ಲಿ ನನ್ನ ಹೆಸರು ಒಂದು ಬೋರ್ಡ್ ಮೇಲೆ ಬಂತಲ್ಲ, ಸಾಕು" ಎಂದನಂತೆ. ಇದನ್ನು ನೀನು ಎಲ್ಲಕ್ಕಿಂತ ಕೊನೆಗೆ ಹೇಳಿದೆ, ನಾನು ಫೋನ್ ಇಟ್ಟದ್ದು ಅಲ್ಲಿಗೆ. ಮುಂದೆ ಕೇಳಲಾಗಲಿಲ್ಲ.

ಗಡಿಯಾರ ನಿನ್ನ ಮೇಜಿನ ಹತ್ತಿರ ಬಂದು, "ಟೀಚರ್, ನಾನು ಬರೆದಿದ್ದು ತಪ್ಪಾ?" ಎಂದು ಕೇಳಿದಳು. "ಇಲ್ಲ ಪುಟ್ಟ, ಅಕ್ಷರ ಚೆನ್ನಾಗಿದೆ" ಎಂದೆ. ನಿನ್ನನ್ನು ಬೈಯಬೇಕಾದ ಜಾಗ ಇದೊಂದೇ. ಅವಳು ಅಕ್ಷರದ ಬಗ್ಗೆ ಕೇಳಲಿಲ್ಲ. ಈಗ ನೀನು ಹಲಗೆ ಒರೆಸಿ ಬೀರುವಿನ ಹಿಂದೆ ಇಟ್ಟಿದ್ದೀಯ. ವರ್ಷ ಮುಗಿದ ಮೇಲೆ ಬಿಡುತ್ತೇನೆ ಎನ್ನುತ್ತೀಯ. ನೀನು ಬಿಟ್ಟರೆ ಆ ನಲವತ್ತೆರಡು ಮಕ್ಕಳು ಕಲಿಯುವ ಪಾಠ ಒಂದೇ: ನಿನಗೆ ಒಳ್ಳೆಯದು ಮಾಡಿದವರ ಹೆಸರು ಎತ್ತಬೇಡ. ಗಡಿಯಾರ ಅದನ್ನು ಎಪ್ಪತ್ತು ವರ್ಷದವರೆಗೂ ಮರೆಯುವುದಿಲ್ಲ. ನನ್ನಂಥ ನೆನಪು ಎಲ್ಲರಿಗೂ ಇರುತ್ತದೆ, ನಾನು ಕಾಗದ ಬರೆಯುತ್ತೇನೆ, ಅವರು ಬರೆಯುವುದಿಲ್ಲ.

ಆದ್ದರಿಂದ ಹಲಗೆಯನ್ನು ಬೀರುವಿನ ಹಿಂದಿನಿಂದ ತೆಗೆ. ಅದೇ ಮೊಳೆಗೆ ತೂಗುಹಾಕು. ಆ ಹುಡುಗಿಯನ್ನು ಕರೆದು, ನೀನು ಬರೆದದ್ದು ಸರಿ, ದೊಡ್ಡವರು ಓದಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳು. ನಿನ್ನ ಗಂಟಲು ಅಷ್ಟಕ್ಕೆ ಸಾಕು.

ಇನ್ನು ಆ ನಿಯಮ. "ಬೆಳಿಗ್ಗೆ ಎಂಟು ನಲವತ್ತರ ಬಳಿಕ ಯಾವ ಕಾರಣಕ್ಕೂ ಗೇಟನ್ನು ತೆರೆಯತಕ್ಕದ್ದಲ್ಲ, ತಡವಾಗಿ ಬಂದವರನ್ನು ಎರಡನೆಯ ಅವಧಿಯವರೆಗೆ ಹೊರಗೆ ನಿಲ್ಲಿಸತಕ್ಕದ್ದು." ಆಫೀಸಿನ ಗೋಡೆಯ ಮೇಲೆ ಗಾಜು ಹಾಕಿಸಿದ ಚೌಕಟ್ಟಿನಲ್ಲಿದೆ, ಹೋಗಿ ನೋಡು, ಒಂದಕ್ಷರ ಹೆಚ್ಚು ಕಡಿಮೆ ಇರುವುದಿಲ್ಲ. ಒಂದೂ ಸಡಿಲ ಪದವಿಲ್ಲದ ವಾಕ್ಯ. ಯಾವ ಕಾರಣಕ್ಕೂ ಎಂದು ಬರೆದವರು ಒಂದೇ ಒಂದು ಕಾರಣವನ್ನೂ ಯೋಚಿಸಿರಲಿಲ್ಲ. ಅದು ನನಗೆ ಹೇಗೆ ಬಾಯಿಪಾಠ ಎಂದು ಸದ್ಯ ಕೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿನೀರು ಕುಡಿ. ಕಂಡಕ್ಟರಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಅಮ್ಮ

ತಾ.ಕ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ನೀನು ಎರಡನೇ ತರಗತಿಯಲ್ಲಿದ್ದಾಗ ಚೆಂಡಿನ ಹಿಂದೆ ಓಡಿದ ಮಗುವೊಂದು ಗೇಟು ದಾಟಿ ರಸ್ತೆಗೆ ಬಿದ್ದು ಮಂಡಿ ಒಡೆದುಕೊಂಡಿತು. ಪೋಷಕರ ಸಭೆ ಕರೆದರು. ಹತ್ತು ಜನ ಕೂತಿದ್ದೆವು. ಬರೆಯಲು ಬರುವವಳು ನಾನು ಎಂದು ಎಲ್ಲರೂ ಪೆನ್ನನ್ನು ನನ್ನ ಕಡೆ ತಳ್ಳಿದರು. ಹತ್ತೇ ನಿಮಿಷದಲ್ಲಿ ಆ ನಿಯಮ ಬರೆದೆ, ಎಲ್ಲರೂ ಹೊಗಳಿದರು. ಚೌಕಟ್ಟಿನ ಕೆಳಗಿನ ಮೊದಲ ಸಹಿ ನನ್ನದು. ಮಸುಕಾಗಿದೆ, ನೀನು ಗುರುತಿಸಿರಲಾರೆ.

ಅದಾಗಿ ಎಂಟನೇ ದಿನ ನಮ್ಮ ಮನೆಯ ಅಲಾರಂ ಹೊಡೆಯಲಿಲ್ಲ. ಎಂಟು ಐವತ್ತಕ್ಕೆ ನಿನ್ನ ಕೈ ಹಿಡಿದು ಮುಚ್ಚಿದ ಗೇಟಿನ ಮುಂದೆ ನಿಂತೆ. ನನಗೆ ಅಚ್ಚುಮನೆಗೆ ಹೊತ್ತಾಗಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಬೀಗದ ಮಾಮ ನನ್ನ ಮುಖ ನೋಡಿದ, ನಿಯಮ ಬರೆದವಳು ನಾನೇ ಎಂದು ಅವನಿಗೆ ಗೊತ್ತಿತ್ತು. ನಿನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸುತ್ತ ನೋಡಿ, ಅಲ್ಲೇ ಬಿದ್ದಿದ್ದ ಡಬ್ಬವನ್ನು ನಿನ್ನ ಕೈಗೆ ಕೊಟ್ಟ. ಆ ಶಾಲೆಯಲ್ಲಿ ಗಿಡಕ್ಕೆ ನೀರು ಹಾಕಿದ್ದು ಬಹಳ ಖುಷಿಯ ನೆನಪು ಎನ್ನುತ್ತೀಯಲ್ಲ, ಅದು ಹೀಗೆ. ನೀನು ಕೆಲಸಕ್ಕೆ ಸೇರಿದ ದಿನ ಅವನು ಗೇಟಿನಲ್ಲಿ, "ಬಂದ್ಯಾ ತಾಯಿ? ಈ ಸಲನಾದ್ರೂ ಟೈಮಿಗೆ ಬಂದಿದೀಯ" ಎಂದು ನಕ್ಕನಂತೆ. ತಮಾಷೆ ಎಂದು ನೀನು ನನಗೆ ಹೇಳಿದೆ. ನಾನು ಮಾತು ಬದಲಾಯಿಸಿದೆ. ನಾನು ಅವನಿಗೆ ಧನ್ಯವಾದ ಹೇಳಿದ್ದಿಲ್ಲ, ನಿಯಮವನ್ನು ತಿದ್ದಲೂ ಇಲ್ಲ.

ಈ ಕಾಗದ ನಿನಗೆ ಬುಧವಾರ ತಲುಪುತ್ತದೆ. ಇದರದ್ದೇ ಒಂದು ಪ್ರತಿ ಹೆಡ್‌ಮೇಡಂಗೂ ಹೋಗುತ್ತಿದೆ. ನಿನ್ನ ದೊಡ್ಡಮ್ಮ ಬೆಳಗಿನ ಮೊದಲ ಬಸ್ಸಿಗೆ ನನ್ನ ಜೊತೆ ಬರುತ್ತೇನೆ ಎಂದಿದ್ದಾಳೆ. ಗುರುವಾರ ಬೇಕೆಂದೇ ಎಂಟು ಐವತ್ತಕ್ಕೆ ಗೇಟಿನ ಹೊರಗೆ ನಿಂತಿರುತ್ತೇನೆ. ಅವನನ್ನೂ ಮನೆಯಿಂದ ಕರೆದುಕೊಂಡು ಬಂದಿರುತ್ತೇನೆ. ಉತ್ತರ ಕೊಡಲು ಯಾರು ಬರುತ್ತೀರಿ ಎಂದು ಹೆಡ್‌ಮೇಡಂ ಕೇಳಿದರಲ್ಲ, ನಾನು ಬಂದಿದ್ದೇನೆ ಎಂದು ಹೇಳು. ಈಗ ನನ್ನದೂ ಒಂದು ಪ್ರಶ್ನೆ ಇದೆ, ಉತ್ತರ ಆಫೀಸಿನ ಕೋಣೆಯಲ್ಲಿ ಬೇಡ. ನಿಯಮ ಬರೆದವಳು ನಾನು, ಅದನ್ನು ಮೊದಲು ಮುರಿಸಿದವಳೂ ನಾನು, ಬಾಗಿಲು ತೆಗೆದವನು ಅವನು. ನಮ್ಮಿಬ್ಬರಲ್ಲಿ ಹೊರಗೆ ನಿಲ್ಲಬೇಕಾದವರು ಯಾರು ಎಂದು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ, ಮಕ್ಕಳೆಲ್ಲರ ಎದುರು, ಗಡಿಯಾರ ಮುಂದಿನ ಸಾಲಿನಲ್ಲಿ ನಿಂತಿರುವಾಗ, ಅವರು ಹೇಳಲಿ.