ಜ್ಯೇಷ್ಠಮಧು ತಿನ್ನದವಳ ರಕ್ತದೊತ್ತಡ

ಪ್ರಾಂತದ ಆರೋಗ್ಯ ಸೇವೆಯ ಮುಖ್ಯ ವೈದ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಾನು ಜ್ಯೇಷ್ಠಮಧು ತಿನ್ನುವುದಿಲ್ಲ. ಈ ಮಾತನ್ನು ಏಳು ವರ್ಷಗಳಲ್ಲಿ ನಿಮ್ಮ ಕೈಕೆಳಗಿನ ಹನ್ನೊಂದು ಮಂದಿ ವೈದ್ಯರಿಗೆ ಬಾಯಲ್ಲಿ ಹೇಳಿದ್ದೇನೆ, ಮೂರು ಸಲ ಬರೆದೂ ಕೊಟ್ಟಿದ್ದೇನೆ. ಆದರೂ ನನ್ನ ಆರೋಗ್ಯ ಕಡತದ ಮೊದಲ ಪುಟದಲ್ಲಿ ‘ಜ್ಯೇಷ್ಠಮಧುವಿನ ಅತಿಸೇವನೆಯಿಂದ ಉಂಟಾದ ಅಧಿಕ ರಕ್ತದೊತ್ತಡ’ ಎಂಬ ಸಾಲು ಕೂತಿದೆ. ಅದು ಅಲ್ಲಿರುವ ತನಕ ನನಗೆ ಬೇರೆ ಯಾವ ಕಾಯಿಲೆಯೂ ಬರಲು ನಿಮ್ಮ ಇಲಾಖೆಯ ಅಪ್ಪಣೆಯಿಲ್ಲ. ಹೇಳಿ ಹೇಳಿ ಬಾಯಿ ನೊಂದು, ಈಗ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನನ್ನ ತಪ್ಪು ಒಂದೇ. ನಾನು ಇಪ್ಪತ್ತಾರು ವರ್ಷಗಳಿಂದ ನಮ್ಮೂರಿನ ಮಿಠಾಯಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ನಾವು ಫಿನ್‌ಲೆಂಡಿನವರು ಜ್ಯೇಷ್ಠಮಧುವಿನ ಆ ಕಪ್ಪು ಮಿಠಾಯಿಯನ್ನು ಉಪ್ಪುಪ್ಪಾಗಿ ಮಾಡಿ, ಹಲ್ಲು ಮೂಡಿದ ದಿನದಿಂದ ಹಲ್ಲು ಉದುರುವ ದಿನದವರೆಗೆ ಅಗಿಯುವ ಜನ. ಅದನ್ನು ವಿಪರೀತ ತಿಂದರೆ ರಕ್ತದೊತ್ತಡ ಏರುತ್ತದೆ, ರಕ್ತದ ಪೊಟ್ಯಾಷಿಯಂ ಇಳಿಯುತ್ತದೆ. ನಿಮ್ಮ ವೈದ್ಯರು ಇದನ್ನು ಚೆನ್ನಾಗಿ ಓದಿಕೊಂಡಿದ್ದಾರೆ, ಸಂತೋಷ. ಆದರೆ ಕಾರ್ಖಾನೆಯ ಒಂದು ಸಂಗತಿ ಅವರ ಪುಸ್ತಕದಲ್ಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಹೊಸಬರಿಗೆ ಬೇಕಾದಷ್ಟು ತಿನ್ನಲು ಬಿಡುತ್ತಾರೆ. ನಾನು ಮೂರನೆಯ ದಿನವೇ ವಾಂತಿ ಮಾಡಿಕೊಂಡೆ. ಅಂದಿನಿಂದ ಒಂದು ಚೂರನ್ನೂ ನಾಲಿಗೆಗೆ ಸೋಕಿಸಿಲ್ಲ.

ಏಳು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಮನೆಯ ಮೆಟ್ಟಿಲು ಹತ್ತುವಾಗ ತೊಡೆಗಳಲ್ಲಿ ಶಕ್ತಿಯೇ ಇಲ್ಲವಾಯಿತು. ತಲೆನೋವು, ಕಾಲಿನ ಸೆಳೆತ ಬೇರೆ. ಆರೋಗ್ಯ ಕೇಂದ್ರದಲ್ಲಿ ಅಳೆದರೆ ರಕ್ತದೊತ್ತಡ ನೂರತೊಂಬತ್ತು. ಪೊಟ್ಯಾಷಿಯಂ ಪಾತಾಳದಲ್ಲಿತ್ತು. ಅಲ್ಲಿನ ಹಿರಿಯ ವೈದ್ಯರು ಕೇಳಿದರು:

“ಎಲ್ಲಿ ಕೆಲಸ ನಿಮ್ದು?”

“ಮಿಠಾಯಿ ಕಾರ್ಖಾನೇಲಿ.”

ಅವರು ಟೈಪಿಸುವುದನ್ನು ನಿಲ್ಲಿಸಿ ನಕ್ಕರು. “ಸರಿ ಹೋಯ್ತು ಬಿಡಿ. ಇನ್ನೇನೂ ಕೇಳೋದೇ ಬೇಡ.”

“ನಾನು ತಿನ್ನಲ್ಲ ಡಾಕ್ಟ್ರೇ. ಅದರ ವಾಸನೆ ಕಂಡ್ರೇ ಆಗಲ್ಲ ನಂಗೆ.”

“ಹೆಂಡ ಕುಡಿಯೋರೂ ಹೀಗೇ ಹೇಳ್ತಾರಮ್ಮ,” ಎಂದು ಆ ಸಾಲನ್ನು ಬರೆದರು. ಒಟ್ಟು ಹನ್ನೆರಡು ನಿಮಿಷ ಹಿಡಿಯಿತು.

ಆಮೇಲಿನದು ಮಾತ್ರೆಗಳ ಕಥೆ. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಒತ್ತಡ ಮಾತ್ರ ಮಿಸುಕಲಿಲ್ಲ. ಪ್ರತಿ ಭೇಟಿಯಲ್ಲೂ ಹೊಸ ಮುಖ, ಹಳೆಯ ಪ್ರಶ್ನೆ: “ಇನ್ನೂ ಬಿಟ್ಟಿಲ್ವಾ?” ತಿನ್ನದ್ದನ್ನು ಬಿಡುವುದು ಹೇಗೆ, ಮಾನ್ಯರೇ? ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಕಾರ್ಖಾನೆಯ ಹತ್ತಿರವೂ ಸುಳಿಯದೆ ತೋರಿಸಿದೆ. ಒತ್ತಡ ಇದ್ದಲ್ಲೇ ಇತ್ತು. ವೈದ್ಯರು ಬರೆದರು: ‘ರೋಗಿಯ ಮನೆಯಲ್ಲಿ ದಾಸ್ತಾನು ಇರುವ ಸಾಧ್ಯತೆ.’ ನಲವತ್ತು ಕಿಲೋಮೀಟರ್ ದೂರದ ಪಕ್ಕದ ಊರಿನ ಕೇಂದ್ರಕ್ಕೆ ನನ್ನ ನೋಂದಣಿ ಬದಲಾಯಿಸಿದೆ. ನಾನು ಬಸ್ಸಿಳಿದು ಒಳಗೆ ಹೋಗುವಷ್ಟರಲ್ಲಿ ನನ್ನ ಕಡತ ನನಗಿಂತ ಮೊದಲೇ ಅಲ್ಲಿ ಕೂತಿತ್ತು.

ಆ ಸಾಲು ನಿಮ್ಮ ಕಂಪ್ಯೂಟರಿನಲ್ಲೇ ಉಳಿದಿದ್ದರೆ ಹೇಗೋ ಸಹಿಸುತ್ತಿದ್ದೆ. ಅದು ನನ್ನ ಮನೆಗೂ ಬಂತು. ಒಂದು ಭಾನುವಾರ ನನ್ನ ಗಂಡ ಓಸ್ಮೊ ನನ್ನ ಚಳಿಗಾಲದ ಕೋಟಿನ ಜೇಬಿಗೆ ಕೈ ಹಾಕಿ ತಡಕುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಕೈ ತೆಗೆದ.

“ಏನು ಹುಡುಕ್ತಾ ಇದ್ದೀಯಾ?”

“ನಿಜ ಹೇಳಿಬಿಡು ರೌನಿ. ನಾನೇನೂ ಬೈಯಲ್ಲ.”

ಮೂವತ್ತು ವರ್ಷ ಜೊತೆಗೆ ಬಾಳಿದವನು. ಕೆಟ್ಟವನಲ್ಲ. ಹನ್ನೊಂದು ಜನ ಓದಿದವರು ಒಂದೇ ಮಾತು ಹೇಳಿದರೆ ಅವನಾದರೂ ಯಾರನ್ನು ನಂಬಿಯಾನು? ಆ ಕೋಟನ್ನು ನಾನು ಆಮೇಲೆ ಹಾಕಿಕೊಳ್ಳಲಿಲ್ಲ.

ಕಾರಣವನ್ನು ಮೊದಲು ಹೇಳಿದವರು ನಿಮ್ಮ ಇಲಾಖೆಯವರಲ್ಲ. ನಮ್ಮ ವಸತಿ ಕಟ್ಟಡದ ಸೌನಾದ ಹಬೆಕೋಣೆಯಲ್ಲಿ ಶನಿವಾರ ಹೆಂಗಸರ ಸರದಿ. ಮೂರನೆಯ ಮಹಡಿಯ ಹಿಲ್ಕಾ ನಿವೃತ್ತ ಪಶುವೈದ್ಯೆ. ನಾನು ಮೇಲಿನ ಹಲಗೆ ಹತ್ತಲಾರದೆ ಕೆಳಗೇ ಕೂತದ್ದನ್ನು ನೋಡಿ, ಬಿಸಿ ಕಲ್ಲಿಗೆ ನೀರು ಸುರಿಯುತ್ತಿದ್ದವರು ಸೌಟು ಕೆಳಗಿಟ್ಟರು.

“ಏನೇ ಇದು, ನನಗಿಂತ ಮುದುಕಿ ಆಗ್ಬಿಟ್ಯಾ?”

ನಾನು ಎಲ್ಲ ಹೇಳಿದೆ. ಅವರು ಮುಖದ ಬೆವರು ಒರೆಸಿಕೊಂಡು ಹೇಳಿದರು:

“ಹದಿಮೂರು ವರ್ಷದ ಒಂದು ಬೆಕ್ಕು ಬಂದಿತ್ತು ನನ್ನ ಹತ್ರ. ಕತ್ತು ಎತ್ತೋಕಾಗ್ತಿರ್ಲಿಲ್ಲ. ಒತ್ತಡ ಆಕಾಶದಲ್ಲಿ, ಪೊಟ್ಯಾಷಿಯಂ ನೆಲದಲ್ಲಿ, ನಿನ್ನ ಹಾಗೇನೇ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಒಂದು ಗ್ರಂಥಿ ಇರುತ್ತೆ ನೋಡು, ಅದ್ರಲ್ಲಿ ಗಂಟು. ಆಲ್ಡೋಸ್ಟಿರೋನ್ ಅನ್ನೋ ರಸಾನ ಸುಮ್ಮಸುಮ್ಮನೆ ಸುರೀತಾ ಇತ್ತು. ರಕ್ತ ಪರೀಕ್ಷೆ ಮಾಡ್ಸಿದ್ವಿ, ವಾರದಲ್ಲಿ ಗೊತ್ತಾಯ್ತು.”

“ಬೆಕ್ಕು ಏನಾಯ್ತು?”

“ಆಪರೇಷನ್ ಆಯ್ತು. ಆಮೇಲೂ ಮೂರು ವರ್ಷ ಇಲಿ ಹಿಡೀತು.”

“ಜ್ಯೇಷ್ಠಮಧು ತಿಂತೀಯಾ ಅಂತ ಅದನ್ನ ಯಾರೂ ಕೇಳ್ಲಿಲ್ವಾ?”

“ಅದಕ್ಕೆ ಮಾತು ಬರ್ತಿರ್ಲಿಲ್ಲ ಕಣೇ. ಅದಕ್ಕೇ ರಕ್ತ ನೋಡಿದ್ವಿ. ನೋಡು, ನಾನು ಮನುಷ್ಯರಿಗೆ ಔಷಧಿ ಕೊಡೋ ಹಾಗಿಲ್ಲ. ಪರೀಕ್ಷೆ ಹೆಸರು ಬರೆದುಕೊಡ್ತೀನಿ, ಹೋಗಿ ಕೇಳು.”

ಕೇಳಿದೆ. ಈ ಹೆಸರು ಯಾರು ಹೇಳಿಕೊಟ್ಟರು ಎಂದರು ಆರೋಗ್ಯ ಕೇಂದ್ರದ ವೈದ್ಯರು. ನಾನು ಮೊದಲೇ ಸುಳ್ಳುಗಾತಿ ಎಂದು ಹೆಸರಾದವಳು, ನಿಜವನ್ನೇ ಹೇಳಿದೆ. “ಹಾಗಾದ್ರೆ ದನದ ಡಾಕ್ಟ್ರ ಹತ್ರಾನೇ ತೋರಿಸ್ಕೊಳ್ಳಿ,” ಎಂದು ಆ ಚೀಟಿಯನ್ನು ನನ್ನ ಕಡೆಗೇ ತಳ್ಳಿದರು. ರಕ್ತದೊತ್ತಡದ ನೂರು ರೋಗಿಗಳಲ್ಲಿ ಐದಾರು ಮಂದಿಗೆ, ಕೆಲವೊಮ್ಮೆ ಹತ್ತು ಮಂದಿಗೂ ಇರಬಹುದಾದ ಕಾಯಿಲೆ ಇದು ಎಂದು ನಾನು ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ. ಹಾಗಿದ್ದರೆ ನಿಮ್ಮ ಪ್ರಾಂತದಲ್ಲಿ ಉಳಿದವರು ಎಲ್ಲಿದ್ದಾರೆ, ಮಾನ್ಯರೇ? ಅವರೆಲ್ಲರೂ ಮಿಠಾಯಿ ಕಾರ್ಖಾನೆಯಲ್ಲಿ ಕೆಲಸ ಮಾಡಲು ಸಾಧ್ಯವಿಲ್ಲ, ನಾವಿರುವುದೇ ಎಂಬತ್ತು ಜನ.

ಕಳೆದ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಸಾಗುವ ಪಟ್ಟಿಯ ಪಕ್ಕದಲ್ಲೇ ಕುಸಿದುಬಿದ್ದೆ. ಹೃದಯದ ಬಡಿತ ತಾಳ ತಪ್ಪಿತ್ತು. ಆಸ್ಪತ್ರೆಯಲ್ಲಿ ಮೂರು ವಾರದ ಮಟ್ಟಿಗೆ ಬದಲಿಗೆ ಬಂದಿದ್ದ ಒಬ್ಬ ವೈದ್ಯೆ ನನ್ನ ಕಡತ ಓದಿದರು. ನಂತರ, ಅದುವರೆಗೆ ಯಾರೂ ಮಾಡದ ಕೆಲಸ ಮಾಡಿದರು. ಕುರ್ಚಿ ಎಳೆದುಕೊಂಡು ಕೂತರು.

“ನೀವು ತಿನ್ನಲ್ಲ ಅಂತೀರಿ.”

“ಇಲ್ಲ.”

“ಸರಿ. ತಿನ್ನಲ್ಲ ಅಂತಲೇ ಇಟ್ಕೊಂಡು ನೋಡೋಣ.”

ನನಗೆ ಅಳು ಬಂತು. ಅವರು ಅದನ್ನು ನೋಡದವರಂತೆ ಸೂಜಿ ಸಿದ್ಧಮಾಡಿದರು. ಜ್ಯೇಷ್ಠಮಧು ತಿಂದವರಲ್ಲಿ ಹಿಲ್ಕಾ ಹೇಳಿದ ಆ ರಸ ತೀರಾ ಕಡಿಮೆ ಇರಬೇಕು. ನನ್ನಲ್ಲಿ ಅದು ಉಕ್ಕಿ ಹರಿಯುತ್ತಿತ್ತು. ಏಳು ವರ್ಷದ ವಾದ ಎರಡು ಸಣ್ಣ ಶೀಶೆ ರಕ್ತದಲ್ಲಿ ತೀರ್ಮಾನವಾಯಿತು. ಅವರು ದೊಡ್ಡಾಸ್ಪತ್ರೆಯ ಗ್ರಂಥಿ ತಜ್ಞರಿಗೆ ಶಿಫಾರಸು ಬರೆದು, ಅವಧಿ ಮುಗಿದು ಹೊರಟುಹೋದರು.

ನವೆಂಬರಿನಲ್ಲಿ ಉತ್ತರ ಬಂತು. ‘ಕಡತದ ಪ್ರಕಾರ ಕಾರಣ ಈಗಾಗಲೇ ತಿಳಿದಿದೆ. ರೋಗಿ ಮೂರು ತಿಂಗಳು ಜ್ಯೇಷ್ಠಮಧು ತ್ಯಜಿಸಿ ಮತ್ತೆ ಅರ್ಜಿ ಸಲ್ಲಿಸಲಿ.’ ಓಸ್ಮೊ ಅದನ್ನು ಅಡಿಗೆಮನೆಯ ಮೇಜಿನ ಬಳಿ ಎರಡು ಸಲ ಓದಿದ. “ನನ್ನನ್ನ ಕ್ಷಮಿಸು,” ಎಂದ. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿ ಆ ಸಾಲನ್ನು ತೆಗೆಸಿ ಎಂದೆ. ಬರೆದ ವೈದ್ಯರೇ ತಿದ್ದಬೇಕಂತೆ. ಅವರು ನಿವೃತ್ತರಾಗಿ ಸ್ಪೇನಿನ ಕಡಲ ತೀರದಲ್ಲಿದ್ದಾರಂತೆ. ವಿಳಾಸ ಕೊಡಲು ಗೌಪ್ಯತೆಯ ನಿಯಮ ಅಡ್ಡಿಯಂತೆ. ಹಾಗಾದರೆ ಸುಳ್ಳು ಬರೆಯಲು ಹನ್ನೆರಡು ನಿಮಿಷ ಸಾಕು, ಅಳಿಸಲು ಒಂದು ಜನ್ಮ ಸಾಲದು ಎಂದು ನಾನು ತಿಳಿದುಕೊಳ್ಳಲೇ?

ನನ್ನೊಬ್ಬಳ ಪಾಡಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ನನ್ನ ಮಗಳು ಸಿರು ಹಳ್ಳಿಹಳ್ಳಿಗೆ ಗ್ರಂಥಾಲಯದ ಬಸ್ಸು ಓಡಿಸುತ್ತಾಳೆ. ಹೋದ ವಾರ ಚಾಲಕರ ತಪಾಸಣೆಯಲ್ಲಿ ಅವಳ ಒತ್ತಡ ನೂರೆಪ್ಪತ್ತು. ನರ್ಸ್ ಕೇಳಿದ ಮೊದಲ ಪ್ರಶ್ನೆ: “ನಿಮ್ಮಮ್ಮ ಮಿಠಾಯಿ ಕಾರ್ಖಾನೇಲಿ ಅಲ್ವಾ ಇರೋದು?”

ಈ ಕಾಯಿಲೆ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ನನ್ನ ತಾಯಿ ಹಾಲಿನ ಡೇರಿಯಲ್ಲಿ ದುಡಿದವಳು, ಮಿಠಾಯಿ ಕಂಡವಳಲ್ಲ. ಮಿದುಳಿನ ರಕ್ತನಾಳ ಒಡೆದು ಸತ್ತಳು.

ಆದ್ದರಿಂದ ಕೇಳುತ್ತೇನೆ. ಆ ಸಾಲನ್ನು ನನ್ನ ಕಡತದಿಂದ ತೆಗೆಸಿ. ನಿಮ್ಮ ಇಡೀ ಪ್ರಾಂತದಲ್ಲಿ ಈ ಕಾಯಿಲೆ ಬಲ್ಲ ವೈದ್ಯರು ಒಬ್ಬರಾದರೂ ಇದ್ದರೆ ಅವರ ಹೆಸರು ಹೇಳಿ. ಇಲ್ಲದಿದ್ದರೆ ಇಲ್ಲವೆಂದು ಸಹಿ ಹಾಕಿ ಕೊಡಿ, ಇರುವ ಕಡೆಗೆ ಹೋಗುತ್ತೇವೆ. ನನ್ನದು ಕಾಯಲಿ ಎಂದಾದರೆ, ಸಿರುವಿನ ರಕ್ತವನ್ನು ಈ ವಾರವೇ ಪರೀಕ್ಷಿಸಿ. ಅವಳಿಗೆ ಇಪ್ಪತ್ತೆಂಟು. ನನಗೆ ನಲವತ್ತೆಂಟು. ನನ್ನ ತಾಯಿ ತೀರಿಕೊಂಡಾಗ ಅವಳಿಗೆ ನಲವತ್ತೊಂಬತ್ತು.

ಇಂತಿ, ದಿನಕ್ಕೆ ನಾಲ್ಕು ಮಾತ್ರೆಗಳ ಮೇಲೆ ನಿಂತಿರುವ,
ರೌನಿ ಹ್ಯುರ್ಕಾಸ್
(ತಮ್ಮ ದಾಖಲೆಯ ಪ್ರಕಾರ, ನಂಬಲು ಅರ್ಹಳಲ್ಲ)